ಛತ್ರದ ಗೋಡೆಯ ಗಿಳಿ

“ಗುರುಗಳೇ, ಇನ್ನೊಬ್ಬರಿಂದ ಪಡೆದದ್ದು ಯಾವಾಗ ನಮ್ಮದಾಗುತ್ತದೆ?” ಎಂದು ಶಿಷ್ಯ ಕೇಳಿದ.

“ಒಳ್ಳೆಯ ಪೇಚಿಗೆ ಸಿಕ್ಕಿಸಿದೆಯಲ್ಲಯ್ಯ! ಕೇಳು” ಎಂದು ಗುರುಗಳು ಕತೆ ಹೇಳಿದರು.

ಒಬ್ಬ ಗಾಯಕನಿದ್ದ. ಅವನ ಹೆಸರು ಕೇಳದ ಊರಿರಲಿಲ್ಲ. ಮುಪ್ಪಿನಲ್ಲಿ ಕಂಠ ಕೈಕೊಟ್ಟಿತು. ಸುಮ್ಮನೆ ಕೂರುವ ಜೀವವೇ ಅದು? ಕುಂಚ ಹಿಡಿದ. ಹಿಡಿದದ್ದೇ ತಡ, ಎಳೆಯ ವಯಸ್ಸಿನಲ್ಲಿ ಸಂಗೀತದ ಪಾಠಕ್ಕೆ ಕೂರುತ್ತಿದ್ದ ಛತ್ರದ ಜಗಲಿ ಕಣ್ಣಿಗೆ ಕಟ್ಟಿತು. ಅದರ ಗೋಡೆಯ ಮೇಲೆ ಯಾರೋ ಚಿತ್ರಗಾರ ಗಿಳಿ, ಉಯ್ಯಾಲೆ, ಬಾಳೆಗೊನೆ ಬರೆದಿದ್ದ. ಸ್ವರ ತಪ್ಪಿ ಬೈಸಿಕೊಂಡಾಗಲೆಲ್ಲ ಇವನು ಆ ಗಿಳಿಯನ್ನೇ ನೋಡುತ್ತ ಅಳು ನುಂಗಿದ್ದ. ಛತ್ರ ಎಂದೋ ಬಿದ್ದುಹೋಗಿತ್ತು. ಎಂಥ ದಿನಗಳವು! ಆ ಚಿತ್ರಗಳನ್ನೇ ನೆನಪಿನಿಂದ ಬರೆಯುತ್ತ, ಒಂದೊಂದು ಗೆರೆ ಎಳೆಯುವಾಗಲೂ ಅವನ ಕಣ್ಣು ತುಂಬಿ ಬರುತ್ತಿತ್ತು.

ಚಿತ್ರಗಳನ್ನು ಜನರೆದುರು ಇಟ್ಟ. ನೋಡಲು ಊರೇ ಮುಗಿಬಿದ್ದಿತು. ಆಗ ಒಬ್ಬ ಪಂಡಿತ ಎದ್ದು, “ಇವು ಹಳೆಯ ಛತ್ರದ ಚಿತ್ರಗಳು. ಇವನ ಸ್ವಂತದ್ದು ಒಂದು ಗೆರೆಯೂ ಇಲ್ಲ” ಎಂದ. ಕೆಲವರು ಕಳ್ಳ ಎಂದರು. ಇನ್ನು ಕೆಲವರು, ನೆನಪಿನಿಂದ ಬರೆದದ್ದು ನಕಲು ಹೇಗಾದೀತು ಎಂದು ಜಗಳಕ್ಕೆ ನಿಂತರು. ಜೀವಮಾನವೆಲ್ಲ ಗಳಿಸಿದ ಹೆಸರು ಮಣ್ಣುಪಾಲಾಗುವುದರಲ್ಲಿತ್ತು.

ಛತ್ರದ ಗೋಡೆಗೆ ಬರೆದ ಚಿತ್ರಗಾರನ ಮಗಳು ಇನ್ನೂ ಬದುಕಿದ್ದಳು. ಆ ಮುದುಕಿಯನ್ನು ಕರೆತಂದು, ನೀನೇ ತೀರ್ಪು ಹೇಳು ತಾಯಿ ಎಂದರು. ಅವಳು ಗಿಳಿಯ ಮುಂದೆ ಬಹಳ ಹೊತ್ತು ನಿಂತಳು.

“ನಮ್ಮಪ್ಪನ ಗಿಳಿಯೇ. ಕೊಕ್ಕು ಮಾತ್ರ ಸೊಟ್ಟಗಾಗಿದೆ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಇನ್ನು ಇದನ್ನು ನೋಡುವ ಭಾಗ್ಯವಿಲ್ಲ ಅಂದುಕೊಂಡಿದ್ದೆ. ಬರೆದಿರಿ, ಸಂತೋಷ. ಆದರೆ ಕೆಳಗೆ ನಿಮ್ಮ ಹೆಸರೊಂದೇ ಇದೆಯಲ್ಲ, ಅಣ್ಣ?”

ಗಾಯಕ ಕೈಮುಗಿದ. “ತಪ್ಪಾಯಿತು ತಂಗಿ. ಬದುಕಿಡೀ ಬೇರೆಯವರ ಪದಗಳನ್ನೇ ಹಾಡಿದೆ. ಪದದ ಕೊನೆಯಲ್ಲಿ ಕಟ್ಟಿದವರ ಅಂಕಿತ ಇರುತ್ತಿತ್ತು. ಹಾಡಿದರೆ ಸಾಕು, ಅವರನ್ನು ನೆನೆದಂತಾಗುತ್ತಿತ್ತು. ಚಿತ್ರದಲ್ಲಿ ಅದನ್ನು ನಾನೇ ಬರೆಯಬೇಕೆಂದು ಹೊಳೆಯಲಿಲ್ಲ. ಆ ಗೋಡೆ ನೋಡುತ್ತ ಬೆಳೆದವನು, ಬರೆದವರು ಯಾರೆಂದೂ ವಿಚಾರಿಸಲಿಲ್ಲ. ಅವರ ಹೆಸರೇನಮ್ಮ?”

“ಕೊಂಡಯ್ಯ” ಎಂದಳು.

ಗಾಯಕ ಪ್ರತಿ ಚಿತ್ರದಲ್ಲೂ ತನ್ನ ಹೆಸರಿನ ಮೇಲ್ಗಡೆ ಕೊಂಡಯ್ಯನ ಹೆಸರು ಬರೆದ. ಕಳ್ಳ ಎಂದವರು ತಲೆತಗ್ಗಿಸಿ ಮನೆಗೆ ಹೋದರು.

ಶಿಷ್ಯನಿಗೆ ಹಿಗ್ಗೋ ಹಿಗ್ಗು. “ಎಂಥ ಕತೆ, ಗುರುಗಳೇ! ನಾಳೆ ಸಭೆಯಲ್ಲಿ ನಾನು ಇದನ್ನೇ ಹೇಳುತ್ತೇನೆ” ಎಂದ.

“ಹೇಳು. ಆದರೆ ಇದನ್ನು ನನಗೆ ಹೇಳಿದವರು ಯಾರೆಂದು ನೀನು ಕೇಳಲೇ ಇಲ್ಲವಲ್ಲಯ್ಯ” ಎಂದರು ಗುರುಗಳು.