ಬಿಸಿಯೇರದ ಇಂಜಿನ್

ತುಂಗಭದ್ರೆಯ ದಂಡೆಯ ಆ ಆಶ್ರಮದಲ್ಲಿ ವೇದಾಂತ ಹೇಳುವವರು ಮೂವರಿದ್ದರು. ಇಂಜಿನ್ ಹೇಳುವವರು ಒಬ್ಬರೇ.

ಅವರ ಹೆಸರು ಗೋಣಿಬಸಪ್ಪ. ನಲವತ್ತು ವರ್ಷ ಬಸ್ ಡಿಪೋಗಳಲ್ಲಿ ಕೈ ಕಪ್ಪು ಮಾಡಿಕೊಂಡು, ಕೊನೆಗೆ ಹೊಳೆಗೆ ಮುಖ ಮಾಡಿ ನಿಂತ ಒಂದು ತಗಡಿನ ಶೆಡ್ಡಿಗೆ ಬಂದು ಸೇರಿದ್ದರು. ಆಶ್ರಮದ ಟ್ರ್ಯಾಕ್ಟರು, ಪಂಪ್‌ಸೆಟ್ಟು, ವ್ಯಾನು ಎಲ್ಲ ಅವರದೇ ಉಸ್ತುವಾರಿ. ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಅವರಿಗೊಬ್ಬಳು ಶಿಷ್ಯೆ, ಸರ್ವಮಂಗಳಾ. ಇಪ್ಪತ್ತಾರು ವರ್ಷ. ಆಟೊಮೊಬೈಲ್ ಡಿಪ್ಲೊಮಾ ಓದಿ, ಮೂರು ಷೋರೂಮುಗಳಲ್ಲಿ ‘ಹೆಣ್ಮಗಳಲ್ಲವಾ, ಕೌಂಟರಿನಲ್ಲಿ ಕೂತುಕೋ’ ಎನ್ನಿಸಿಕೊಂಡು, ಆಷಾಢದಲ್ಲಿ ಇಲ್ಲಿಗೆ ಬಂದವಳು. ಹಟಮಾರಿ. ಹಿಡಿದ ಬೋಲ್ಟು ಬಿಚ್ಚದೆ ಊಟಕ್ಕೆ ಏಳುವವಳಲ್ಲ.

ಶೆಡ್ಡಿನ ಗೋಡೆಗೆ ಒಂದು ಕರಿಹಲಗೆ. ಕೆಟ್ಟದ್ದು ಏನು, ಕೆಡಿಸಿದ ಕೈ ಯಾರದು, ಎರಡನ್ನೂ ಅದರ ಮೇಲೆ ಬರೆಯಬೇಕು. ಬರೆಯದೆ ಗಾಡಿ ಶೆಡ್ಡು ಬಿಡುವಂತಿಲ್ಲ. ಆರು ತಿಂಗಳಲ್ಲಿ ಮಂಗಳಾಳ ಹೆಸರು ಹದಿನಾಲ್ಕು ಸಲ ಅಲ್ಲಿ ಏರಿತ್ತು. ಅಜ್ಜಾರ ಹೆಸರು ಒಂದು ಸಲವೂ ಏರಿರಲಿಲ್ಲ.

ಪುಷ್ಯ ಮಾಸದ ಒಂದು ಶನಿವಾರ ಆಶ್ರಮದ ವ್ಯಾನು ಹೊಗೆ ತಪಾಸಣೆಯಲ್ಲಿ ಫೇಲಾಯಿತು.

ಮಂಗಳಾ ಚೀಟಿ ಹಿಡಿದು ಅಜ್ಜಾರ ಮುಂದೆ ನಿಂತಳು.

“ಕಣ್ಣಿಗೆ ಹೊಗೆ ಕಾಣೋದಿಲ್ಲ ಅಜ್ಜಾರೆ. ಆದ್ರ ವಿಷದ ಗಾಳಿ ಮಿತಿಗಿಂತ ಎರಡು ಪಟ್ಟು ಐತಿ. ಹೋದ ವರ್ಷ ಪಾಸಾಗಿತ್ತು.”

“ಹಳೇ ಕಾಗದ ಎಂದಿನ ತನಕ ಐತಿ?”

“ಸೋಮವಾರದ ತನಕ.”

ಮಂಗಳವಾರ, ಶುಕ್ರವಾರ ಆ ವ್ಯಾನು ಮೂವರನ್ನು ಡಯಾಲಿಸಿಸ್‌ಗೆಂದು ದಾವಣಗೆರೆಗೆ ಕರೆದೊಯ್ಯುತ್ತಿತ್ತು. ಅವರಲ್ಲಿ ಒಬ್ಬಳು ಆಶ್ರಮದ ಅಡುಗೆಮನೆಯ ಹಾಲಮ್ಮ. ಬಸ್ಸಿನಲ್ಲಿ ನೂಕಾಡಿಕೊಂಡು ಹೋಗುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ದೀಪಾವಳಿಯಲ್ಲಿ ಒಂದು ಸರದಿ ತಪ್ಪಿದ್ದಕ್ಕೆ ಮುಖ ಊದಿ, ಉಸಿರಾಡಲಾಗದೆ, ಬದುಕಿದ್ದೇ ಹೆಚ್ಚು ಎನ್ನುವಂತಾಗಿತ್ತು. ಇತ್ತ ಆಶ್ರಮದ ಸ್ವಾಮಿಗಳದ್ದು ಕಟ್ಟಪ್ಪಣೆ: ಕಾಗದವಿಲ್ಲದ ಗಾಡಿ ಗೇಟು ದಾಟಬಾರದು.

ಹಾಲಮ್ಮ ಅಡುಗೆಮನೆಯ ಬಾಗಿಲಿಂದಲೇ ಕೇಳಿದಳು. “ಮಂಗಳವಾರ ಗಾಡಿ ಹೊರಡ್ತೈತೇನವ್ವಾ?”

“ಹೊರಡ್ತೈತಿ ದೊಡ್ಡಮ್ಮ.”

ಬಾನೆಟ್ ಕೂಡ ಎತ್ತದೆ ಕೊಟ್ಟ ಮಾತು ಅದು.

ಅಜ್ಜಾರು ಪಂಪಿನ ವಾಶರು ಕತ್ತರಿಸುತ್ತಾ ಹೇಳಿದರು. “ಇಂಜಿನ್ ತಣಿಸೋ ನೀರಿನ ಕಡೆ ತಲಿ ಕೆಡಿಸ್ಕೋಬ್ಯಾಡ ತಂಗಿ. ಚೈತ್ರದಾಗ ಗಾಡಿ ಕುದ್ದು ನಿಂತಿತ್ತು. ರೇಡಿಯೇಟರ್ ತೊಳೆದು ನನ್ನ ಕೈಯಾರ ಕಟ್ಟೀನಿ. ಅಂದಿನಿಂದ ಒಂದು ದಿನ ಕುದ್ದಿಲ್ಲ.”

ಅವಳು ತಲೆಯಾಡಿಸಿದಳು. ಅಜ್ಜಾರು ಬಿಗಿದ ಬೋಲ್ಟಿನ ತಲೆಗೆ ಹಳದಿ ಬಣ್ಣದ ಚುಕ್ಕೆ ಇಡುತ್ತಿದ್ದರು. ಆ ಚುಕ್ಕೆ ಕಂಡಲ್ಲಿ ಅವಳು ಸ್ಪ್ಯಾನರ್ ಇಡುತ್ತಿರಲಿಲ್ಲ. ದೇವರ ಮನೆಯ ಹೊಸ್ತಿಲಿದ್ದಂತೆ ಅದು.

ಗಾಡಿಯ ಕಂಪ್ಯೂಟರಿಗೆ ಸ್ಕ್ಯಾನರ್ ಸಿಕ್ಕಿಸಿ, ಅರ್ಧ ಗಂಟೆ ಇಂಜಿನ್ ಓಡಿಸಿ ನೋಡಿದಳು. ಇಂಜಿನ್ನಿನ ನೀರು ಐವತ್ತೆರಡು ಡಿಗ್ರಿ ಎಂದು ಸ್ಕ್ಯಾನರ್ ತೋರಿಸಿತು. ಅಷ್ಟು ಹೊತ್ತು ಓಡಿದ ಇಂಜಿನ್ ಎಂಬತ್ತು ದಾಟಿರಬೇಕು.

ಅವಳ ಮುಖ ಅರಳಿತು.

“ಸಿಕ್ತು ಅಜ್ಜಾರೆ. ಬಿಸಿ ಅಳೆಯೋ ಸೆನ್ಸರ್ ಸುಳ್ಳು ಹೇಳಾಕತ್ತೈತಿ. ಇಂಜಿನ್ ಕಾದಿದ್ರೂ ತಣ್ಣಗೈತಿ ಅಂತೈತಿ. ಅದನ್ನ ನಂಬಿ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಸುರೀತೈತಿ. ಸುರಿದದ್ದು ಪೂರ್ತಿ ಉರಿಯಂಗಿಲ್ಲ. ಅದಕ್ಕ ಹೊಗಿ ಕೆಟ್ಟೈತಿ.”

“ಕೈ ಇಟ್ಟು ನೋಡಿದ್ಯೇನು?”

ಇದು ಅಜ್ಜಾರ ಹಳೆಯ ಪ್ರಶ್ನೆ. ಬೇರಿಂಗ್ ಹೋಗಿದೆ ಎಂದರೂ ಅದೇ, ಚಹಾ ಆರಿದೆ ಎಂದರೂ ಅದೇ.

“ಕೈ ಯಾಕ್ರೀ? ಮೀಟರ್ ಐತಲ್ಲ. ಕಾದ ಇಂಜಿನ್ನಿಗೆ ಕೈ ಇಟ್ರ ಸುಡ್ತೈತಿ.”

“ಹೂಂ,” ಎಂದು ಅಜ್ಜಾರು ವಾಶರಿಗೆ ಮರಳಿದರು.

ಭಾನುವಾರ ಬೆಳಿಗ್ಗೆ ಪೇಟೆಯ ಬಿಡಿಭಾಗದ ಅಂಗಡಿಯವನ ಮನೆಗೇ ಹೋಗಿ, ಅವನನ್ನು ಎಬ್ಬಿಸಿ, ಹೊಸ ಸೆನ್ಸರ್ ತಂದಳು. ಹಳೆಯದನ್ನು ಗುಜರಿ ಡಬ್ಬಿಗೆ ಎಸೆದಳು. ಹೊಸದು ಹಾಕಿ ಅರ್ಧ ಗಂಟೆ ಓಡಿಸಿದಳು.

ಐವತ್ತೆರಡು.

“ತಂತಿ,” ಎಂದಳು. ತಂತಿಯನ್ನು ಬುಡದಿಂದ ತುದಿಯವರೆಗೆ ಅಳೆದಳು. ಬೆರಳುದ್ದ ಹಳೆಯ ತಂತಿ ಕತ್ತರಿಸಿ ಹೊಸದು ಬೆಸೆದಳು.

ಐವತ್ತೊಂದು.

“ಹಂಗಾದ್ರ ಕಂಪ್ಯೂಟರೇ ಕೆಟ್ಟೈತಿ,” ಎಂದಳು. ದನಿಯಲ್ಲಿ ಧೈರ್ಯವಿರಲಿಲ್ಲ.

ಅಜ್ಜಾರು ನಕ್ಕರು. “ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರೆ ಹಾಕಿದ್ರಂತ. ನೀನು ಇಡೀ ಕೊಟ್ಟಿಗಿಗೇ ಬರೆ ಹಾಕಾಕ ಹೊಂಟೀಯಲ್ಲ.”

ಅವಳಿಗೆ ನಗು ಬರಲಿಲ್ಲ. ಸಿಟ್ಟು ಬಂತು. ಸಿಟ್ಟಿನಲ್ಲೇ ಮತ್ತೆ ಅಂಗಡಿಯವನ ಮನೆಗೆ ಹೋದಳು. ಅವನು ಅಕ್ಕಿಕಾಳಿನಷ್ಟು ದಪ್ಪದ ಒಂದು ರೆಸಿಸ್ಟರ್ ಕೊಟ್ಟು, ಹೇಗೆ ಹಾಕಬೇಕೆಂದೂ ಹೇಳಿಕೊಟ್ಟ. ಸಂಜೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಂದಳು. ಅಜ್ಜಾರಿಂದ ಮುಚ್ಚಿಟ್ಟು ಮಾಡುವ ಮನಸ್ಸು ಬರಲಿಲ್ಲ, ಅದು ಅವಳ ಪುಣ್ಯ.

“ಇದೇನು?” ಎಂದರು ಅಜ್ಜಾರು.

“ಸೆನ್ಸರಿನ ಜಾಗಕ್ಕ ಇದನ್ನ ಸಿಗಿಸಿದ್ರ, ಇಂಜಿನ್ ಕಾದೈತಿ ಅಂತ ಕಂಪ್ಯೂಟರಿಗೆ ಹೇಳ್ತೈತಿ.”

“ಇದಕ್ಕ ಇಂಜಿನ್ ಗುರುತೈತೇನು?”

“ಇಲ್ಲ.”

“ಕಾಯ್ದಿದ್ದು ಆರಿದ್ದು ತಿಳೀತೈತೇನು?”

“ಇಲ್ರೀ. ಯಾವಾಗ ಕೇಳಿದ್ರೂ ಎಂಬತ್ತೈದು ಅಂತೈತಿ. ನಾಳೆ ಪಾಸಾಗ್ತೈತಿ ಅಜ್ಜಾರೆ. ಮಂಗಳವಾರ ಗಾಡಿ ಹೊರಡ್ತೈತಿ.”

“ಇನ್ನೂ ಸುಲಭದ್ದು ಒಂದೈತಿ,” ಎಂದರು ಅಜ್ಜಾರು. “ಹಾಲಮ್ಮನ ರಕ್ತದ ಚೀಟ್ಯಾಗ ‘ಚಲೋ ಐತಿ’ ಅಂತ ನಾವೇ ಬರೆದುಬಿಡೋಣ. ಆಕಿ ದಾವಣಗೆರಿಗೆ ಹೋಗೋದೇ ಬ್ಯಾಡ.”

ಮಂಗಳಾ ರೆಸಿಸ್ಟರನ್ನು ಗುಜರಿ ಡಬ್ಬಿಗೆ ಹಾಕಿದಳು. ಅದು ಹಳೆಯ ಸೆನ್ಸರಿನ ಪಕ್ಕದಲ್ಲಿ ಬಿತ್ತು.

ಸೋಮವಾರ ಬೆಳಿಗ್ಗೆ ಹೊಳೆಯ ಮೇಲೆ ಮಂಜು ಕವಿದಿತ್ತು. ಬೆಳಕು ಹರಿಯುತ್ತಲೇ ಅವಳು ಇಂಜಿನ್ ಚಾಲೂ ಮಾಡಿ ಮುಂದೆ ಕೂತಳು. ಇವತ್ತು ಕೊನೆಯ ದಿನ. ಆದರೂ ಏಳುವುದಿಲ್ಲ, ಉತ್ತರ ಸಿಗುವ ತನಕ ಏಳುವುದೇ ಇಲ್ಲ ಎಂದುಕೊಂಡಳು.

ಅರ್ಧ ಗಂಟೆ ಕಳೆಯಿತು. ಸ್ಕ್ಯಾನರ್ ನಲವತ್ತೇಳು ಎಂದಿತು.

ಹಾಲಮ್ಮ ಕಂಬಳಿ ಹೊದ್ದು, ಚಹಾ ಲೋಟ ಹಿಡಿದು ಬಂದಳು. ಚಳಿಗೆ ಅವಳ ಬೆರಳು ಸೆಟೆದಿದ್ದವು. ಲೋಟ ಕೊಟ್ಟವಳೇ, ಒಲೆಯ ಮುಂದೆ ಚಾಚಿದಂತೆ ಎರಡೂ ಕೈಯನ್ನು ಇಂಜಿನ್ ನೀರು ಹರಿಯುವ ದಪ್ಪ ರಬ್ಬರ್ ಕೊಳವೆಯ ಮೇಲೆ ಇಟ್ಟಳು.

“ದೊಡ್ಡಮ್ಮ, ಕೈ ತೆಗಿ, ಸುಡ್ತೈತಿ!”

“ಎಲ್ಲಿ ಸುಡ್ತೈತವ್ವಾ? ಬಾಣಂತಿಗೆ ಎರೆಯೋ ನೀರಿನಷ್ಟೂ ಬಿಸಿ ಇಲ್ಲ.”

ಮಂಗಳಾ ಲೋಟ ಕೆಳಗಿಟ್ಟು ತಾನೂ ಕೈ ಇಟ್ಟಳು. ಕೊಳವೆ ಹದವಾಗಿ ಬೆಚ್ಚಗಿತ್ತು. ಅರ್ಧ ಗಂಟೆ ಓಡಿದ ಇಂಜಿನ್ನಿನ ಆ ಕೊಳವೆಯನ್ನು ಯಾರೂ ಹಿಡಿದುಕೊಂಡು ನಿಲ್ಲಲಾರರು. ಅವಳು ನೂರು ಎಣಿಸುವ ತನಕ ಹಿಡಿದಿದ್ದಳು.

ಸೆನ್ಸರ್ ಸುಳ್ಳು ಹೇಳಿರಲಿಲ್ಲ. ಇಂಜಿನ್ ನಿಜವಾಗಿ ತಣ್ಣಗಿತ್ತು. ಶನಿವಾರದಿಂದ ಸೆನ್ಸರ್ ಒಂದೇ ಸತ್ಯವನ್ನು ಹೇಳುತ್ತಲೇ ಇತ್ತು, ಇವಳು ಅದರ ಬಾಯಿ ಮುಚ್ಚಿಸುತ್ತಲೇ ಇದ್ದಳು. ನಾಚಿಕೆಯಾಯಿತು. ಗುಜರಿ ಡಬ್ಬಿಯಿಂದ ಹಳೆಯ ಸೆನ್ಸರ್ ಎತ್ತಿ, ಕುತ್ತಿಗೆಗೆ ಸುತ್ತಿದ್ದ ವೇಲಿನಲ್ಲಿ ಒರೆಸಿ, ಮೇಜಿನ ಮೇಲಿಟ್ಟಳು.

ಇಂಜಿನ್ ಕಾಯುತ್ತಿಲ್ಲವೆಂದರೆ ನೋಡಬೇಕಾದ ಜಾಗ ಒಂದೇ. ಇಂಜಿನ್ ಕಾಯುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆದು, ಕಾದಮೇಲೆ ಬಾಗಿಲು ತೆರೆಯುವ ಥರ್ಮೋಸ್ಟಾಟ್ ಕೂರುವ ಗೂಡು. ಅದರ ಮುಚ್ಚಳಕ್ಕೆ ಎರಡು ಬೋಲ್ಟು. ಎರಡರ ತಲೆಯ ಮೇಲೂ ಹಳದಿ ಚುಕ್ಕೆ.

ಇಂಜಿನ್ ನಿಲ್ಲಿಸಿದಳು. ಸ್ಪ್ಯಾನರ್ ಹಿಡಿದ ಕೈ ಒಂದು ಗಳಿಗೆ ಹಿಂಜರಿಯಿತು. ಆಮೇಲೆ ಬಿಚ್ಚಿದಳು.

ಗೂಡು ಖಾಲಿ ಇತ್ತು.

ಪೇಟೆಯಿಂದ ಹೊಸದು ತಂದು, ಸದ್ದಿಲ್ಲದೆ ಕೂರಿಸಿ, ಹಲಗೆಯ ಮೇಲೆ ‘ಥರ್ಮೋಸ್ಟಾಟ್ ಸವೆದಿತ್ತು’ ಎಂದು ಬರೆದರೆ ಮುಗಿಯಿತು. ಯಾರಿಗೂ ನೋವಿಲ್ಲ. ಅಜ್ಜಾರ ಮೇಲೆ ಅವಳಿಗೆ ಅಷ್ಟು ಪ್ರೀತಿ ಇತ್ತು. ಹಾಗೆ ಬರೆಯಲೆಂದೇ ಸೀಮೆಸುಣ್ಣ ಕೈಗೆತ್ತಿಕೊಂಡಳು. ಕಣ್ಣು ಮೇಜಿನ ಮೇಲಿದ್ದ ಹಳೆಯ ಸೆನ್ಸರಿನ ಕಡೆ ಹೋಯಿತು. ಸೀಮೆಸುಣ್ಣ ಇಟ್ಟು ಹೊಳೆಯ ಕಡೆ ನಡೆದಳು.

ಅಜ್ಜಾರು ಮೆಟ್ಟಿಲ ಮೇಲೆ ಪಂಚೆ ಹಿಂಡುತ್ತಿದ್ದರು.

“ಅಜ್ಜಾರೆ, ಗಾಡ್ಯಾಗ ಥರ್ಮೋಸ್ಟಾಟ್ ಇಲ್ಲ.”

“ಇಲ್ಲ ಅಂದ್ರ?”

“ಗೂಡು ಖಾಲಿ ಐತಿ. ಬರೀ ಮುಚ್ಚಳ ಬಿಗಿದಾರ.”

“ಯಾರು ಬಿಗಿದಾರ?”

ಅವಳು ಅವರ ಮುಖ ನೋಡಿಯೇ ಹೇಳಿದಳು.

“ನೀವು.”

ಅಜ್ಜಾರು ಹಿಂಡುತ್ತಿದ್ದ ಪಂಚೆ ಕೈಯಲ್ಲೇ ಉಳಿಯಿತು. ಅವರ ಮುಖ ಸಣ್ಣದಾಯಿತು. ತಾವೇ ಕಿತ್ತಿದ್ದನ್ನು ಅವರು ಮರೆತಿದ್ದರು, ನಿಜವಾಗಿ ಮರೆತಿದ್ದರು, ಅದು ಅವರ ಕಣ್ಣಲ್ಲೇ ಕಾಣುತ್ತಿತ್ತು. ಶೆಡ್ಡಿಗೆ ಬಂದು, ಮಂಚದ ಕೆಳಗಿಂದ ಎಣ್ಣೆಯ ಹಳೇ ಡಬ್ಬಿಯೊಂದನ್ನು ಎಳೆದು, ನೆಲದ ಮೇಲೆ ಬೋರಲು ಹಾಕಿದರು.

ಥರ್ಮೋಸ್ಟಾಟುಗಳು. ಐವತ್ತೋ ಅರವತ್ತೋ. ತುಕ್ಕು ಹಿಡಿದವು, ಹಸಿರುಗಟ್ಟಿದವು, ಹೊಸದರಂತೆ ಹೊಳೆಯುವವು.

“ಗಾಡಿ ಕುದ್ದಿತು ಅಂದ್ರ ಡಿಪೋದಾಗ ನಮ್ಮ ಮೇಸ್ತ್ರಿ ಇದನ್ನ ಕಿತ್ತು ಒಗೀತಿದ್ರು,” ಎಂದರು. “ನಮ್ಮದು ಬಿಸಿಲ ಸೀಮಿ, ಇದ್ಯಾಕ ಅಂತಿದ್ರು. ನಾನೂ ಕಿತ್ತೆ. ಒಗಿಯಾಕ ಮನಸ್ಸಾಗದ ಕೂಡಿಟ್ಟೆ. ಆಗಿನ ಗಾಡಿ ಬಾಯಿ ಇಲ್ಲದವು. ಒಂದೂ ದೂರು ಹೇಳಲಿಲ್ಲ.”

ರಾಶಿಯೊಳಗಿಂದ ವ್ಯಾನಿನದನ್ನು ಅವರೇ ಹುಡುಕಿ ತೆಗೆದರು. ಒರೆಸಿ ಅವಳ ಕೈಯಲ್ಲಿಟ್ಟರು.

“ಚಲೋ ಐತಿ. ಹಾಕು.”

ಮಂಗಳಾ ಹಾಕಲಿಲ್ಲ. ಅಡುಗೆಮನೆಗೆ ಹೋಗಿ ಹಾಲಮ್ಮನಿಂದ ಒಂದು ಪಾತ್ರೆ ಕೇಳಿ, ನೀರು ಕಾಯಿಸಿ, ಅದನ್ನು ದಾರದಲ್ಲಿ ಕಟ್ಟಿ ಇಳಿಬಿಟ್ಟಳು. ನೀರು ಮರಳುವ ಹೊತ್ತಿಗೆ ಅದರ ಬಾಗಿಲು ತೆರೆಯಿತು. ಎತ್ತಿ ಗಾಳಿಗೆ ಹಿಡಿದರೆ ಮುಚ್ಚಿತು. ಹಾಲಮ್ಮ ಬಾಯಿ ಬಿಟ್ಟುಕೊಂಡು ನೋಡಿದಳು.

ಆಮೇಲೆ ಹಾಕಿದಳು. ಹಳೆಯ ಸೆನ್ಸರನ್ನೂ ಅದರ ಜಾಗಕ್ಕೆ ಮರಳಿ ಕೂರಿಸಿದಳು. ಕಾಲು ಗಂಟೆಯಲ್ಲಿ ಅದು ಎಂಬತ್ತನಾಲ್ಕು ಎಂದಿತು. ಕೊಳವೆಯ ಮೇಲೆ ಕೈ ಇಡಲಾಗಲಿಲ್ಲ.

ಇನ್ನು ಹಲಗೆ. ಅವಳು ‘ಥರ್ಮೋಸ್ಟಾಟ್ ಇರಲಿಲ್ಲ’ ಎಂದು ಬರೆದು ನಿಂತಳು. ಮುಂದೆ ಕೈ ಓಡಲಿಲ್ಲ.

ಅಜ್ಜಾರು ಅವಳ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ತಮ್ಮ ಹೆಸರನ್ನು ಪೂರ್ತಿ ಬರೆದರು.

ಮಧ್ಯಾಹ್ನ ವ್ಯಾನು ತಪಾಸಣೆಯಲ್ಲಿ ಪಾಸಾಯಿತು. ಮಂಗಳವಾರ ನಸುಕಿನಲ್ಲಿ ಹಾಲಮ್ಮ ಮುಂದಿನ ಸೀಟಿನಲ್ಲಿ ಕೂತು, ಕಿಟಕಿಯಿಂದ ಕೈ ಬೀಸುತ್ತಾ ಹೋದಳು. ಗಾಡಿ ಗೇಟು ದಾಟಿ ಮರೆಯಾಗುವ ತನಕ ಮಂಗಳಾ ನೋಡುತ್ತಾ ನಿಂತಳು. ಎದೆ ಹಗುರವಾಗಿತ್ತು.

ಶೆಡ್ಡಿಗೆ ಮರಳಿದಾಗ ಅಜ್ಜಾರು ಟ್ರ್ಯಾಕ್ಟರಿನ ಕಡೆ ಗಲ್ಲ ಎತ್ತಿ ತೋರಿಸಿದರು.

“ಮುಂದಿನ ಗಾಲಿ ಸದ್ದು ಮಾಡ್ತೈತಿ. ಬೇರಿಂಗ್ ಹೋಗೈತಿ. ಪೇಟಿಗೆ ಹೋಗಿ ಹೊಸದು ತಂದುಬಿಡು ತಂಗಿ.”

ಅವಳು ಚೀಲ ತೆಗೆದುಕೊಂಡು ಹೊರಟಳು.

“ಕೈ ಇಟ್ಟು ನೋಡಿದ್ಯೇನು?”

ಅವಳು ಬಾಗಿಲಲ್ಲೇ ತಿರುಗಿದಳು. “ಈಗ ನೀವೇ ಹೇಳಿದ್ರಲ್ಲ ಅಜ್ಜಾರೆ?”

“ಹೌದು,” ಎಂದರು ಅಜ್ಜಾರು. “ಅದಕ್ಕೇ ಕೇಳಿದೆ.”