ಅಂಚಿಗೆ ಸರಿದ ಮಡಕೆ

ಕುಂಬಾರನ ಆವಿಗೆಯಲ್ಲಿ ಬೆಂಕಿ ಏರಿದಾಗ ಮಡಕೆಯೊಂದು ಉರಿ ತಾಳಲಾರದೆ ಮೆಲ್ಲಗೆ ಅಂಚಿಗೆ ಸರಿದುಕೊಂಡಿತು. ಸಂತೆಯ ದಿನ ಅದೇ ಮಡಕೆ ಮೈಗೆಲ್ಲ ಕೆಮ್ಮಣ್ಣು ಬಳಿದುಕೊಂಡು ಪಕ್ಕದ ಹೂಜಿಗೆ ಹೇಳಿತು: "ಅರವಟಿಗೆಯ ನೀಲವ್ವ ಕೆಲಸಕ್ಕೆ ಆರಿಸಲು ಬರುತ್ತಾಳಂತೆ. ಏನು ಕೇಳಿದರೂ ಉತ್ತರ ನಾಲಿಗೆಯ ತುದಿಯಲ್ಲಿದೆ."

"ಅವಳು ಏನೂ ಕೇಳುವುದಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾಳೆ," ಎಂದಿತು ಹೂಜಿ.

ನೀಲವ್ವ ಬಂದಳು. "ಬಾಯಾರಿದವರಿಗೆ ತಣ್ಣೀರು ಕೊಡುವುದೇ ನನ್ನ ಬಾಳಿನ ಗುರಿ," ಎಂದು ಮಡಕೆ ಶುರುಮಾಡಿತು. ಅವಳು ತಟ್ಟಿದಳು, ದೊಬ್ ಎಂದಿತು. ಹೂಜಿಯನ್ನು ತಟ್ಟಿದಳು, ಕಂಚಿನಂತೆ ಖಣಿಲೆಂದಿತು. "ಅರೆಬೆಂದದ್ದು ನೀರು ತುಂಬಿದರೆ ಕರಗಿಹೋಗುತ್ತದೆ," ಎನ್ನುತ್ತ ಹೂಜಿಯನ್ನು ಸೊಂಟಕ್ಕೇರಿಸಿಕೊಂಡಳು.

"ಇಬ್ಬರದೂ ಒಂದೇ ಮಣ್ಣು. ನೀನು ಯಾವಾಗ ತಯಾರಾದೆ?" ಎಂದು ಮಡಕೆ ಬಿಕ್ಕಿತು.

"ನೀನು ಅಂಚಿಗೆ ಸರಿದೆಯಲ್ಲ, ಆಗ."