ಚೆನ್ನಿಗ ಅವ್ವನ್ನ ಸಮುದ್ರಕ್ಕೆ ಕರ್ಕೊಂಡ್ಹೋಗಿದ್ದು

ಹುಣಸೂರು ಪೇಟೇಲಿ ದೇವೀರಮ್ಮ ಅಂತ ಒಬ್ಬಳು. ಸೈಕಲ್ ಅಂಗಡಿ ಅವಳ್ದು. ಗಂಡ ತೀರ್ಕೊಂಡ್ಮೇಲೆ ಪಂಕ್ಚರ್ ಹಾಕೋದು, ಬೆಂಡ್ ತೆಗೆಯೋದು, ಚೈನಿಗೆ ಎಣ್ಣೆ ಬಿಡೋದು ಎಲ್ಲಾ ಅವಳೇ. ಅವಳಿಗೊಬ್ಬ ಮಗ, ಚೆನ್ನಿಗ. ನೋಡೋಕೆ ಎತ್ತರ, ಮೀಸೆ, ಎಲ್ಲಾ ಸರಿಯಾಗೇ ಇತ್ತು. ಹೇಳಿದ್ದನ್ನ ಮಾಡೋನು. ಅದೇ ತೊಂದ್ರೆ. ಹೇಳಿದ್ದನ್ನ ಹೇಳಿದಂಗೇ ಮಾಡೋನು.

“ನಾನು ಸಾಕು ಅನ್ನೋವರ್ಗೂ ಗಾಳಿ ಹೊಡಿ” ಅಂತ ಹೇಳಿ ಅವ್ವ ಒಳಗೆ ಅನ್ನ ಬಸಿಯೋಕೆ ಹೋದ್ರೆ, ಟೈರು ಢಂ ಅನ್ನೋದು. “ಏನೋ ಇದು?” ಅಂದ್ರೆ, “ನೀನು ಸಾಕು ಅನ್ಲೇ ಇಲ್ವಲ್ಲವ್ವ” ಅನ್ನೋನು. ದೇವೀರಮ್ಮ ಹಣೆ ಚಚ್ಕೊಂಡು ಚಚ್ಕೊಂಡು, ಕೊನೆಗೆ ಹಣೆಗೂ ಅಭ್ಯಾಸ ಆಗೋಯ್ತು.

ಆ ದೇವೀರಮ್ಮನಿಗೆ ಒಂದು ಆಸೆ. ಅಂಗಡಿಗೆ ಬಂದೋರ್ನೆಲ್ಲ ಕೇಳೋಳು. “ಸಮುದ್ರ ನೋಡಿದ್ದೀರಾ? ಆಚೆ ದಡ ಕಾಣಲ್ವಂತೆ, ಹೌದಾ?” ಅವಳು ಕೆರೆ ನೋಡಿದ್ಲು, ಹೊಳೆ ನೋಡಿದ್ಲು. ಎಲ್ಲದಕ್ಕೂ ಆಚೆ ದಡ ಇತ್ತು. ದಡ ಇಲ್ದಿರೋ ನೀರು ಹೆಂಗೆ ನಿಂತಿರುತ್ತೆ ಅನ್ನೋದೇ ಅವಳಿಗೆ ಯೋಚ್ನೆ.

ಒಂದ್ಸಲ ಸೈಕಲ್ ಕಂಪ್ನಿಯೋರು ಅಂಗಡಿಯೋರ ಹೆಸರೆಲ್ಲ ಬರೆದು ಚೀಟಿ ಎತ್ತಿದ್ರು. ದೇವೀರಮ್ಮನ ಹೆಸರು ಬಂತು. ಇಬ್ಬರಿಗೆ ಶ್ರೀಲಂಕಾ ಪ್ರವಾಸ. ಅಲ್ಲಿ ಸೈಕಲ್ ಕೊಡ್ತಾರೆ, ರೂಮ್ ಕೊಡ್ತಾರೆ, ಬ್ಯಾಗೂ ವ್ಯಾನಲ್ಲಿ ಸಾಗಿಸ್ತಾರೆ. ಜೊತೆಗೆ ಮಾತ್ರ ಯಾರೂ ಬರಲ್ಲ. ದಾರಿ ಬರೆದ ಕಾಗದ ಕೊಡ್ತಾರೆ, ನೋಡ್ಕೊಂಡು ನೀವೇ ತುಳ್ಕೊಂಡು ಹೋಗ್ಬೇಕು. ಗುಡ್ಡದ ಕಡೆಯಿಂದ ಹೊರಟ್ರೆ ಕೊನೇ ದಿನ ಸಮುದ್ರ.

“ಲೋ ಚೆನ್ನಿಗ, ಹುಟ್ಟಿದಾಗಿನಿಂದ ಕಾಯ್ತಾ ಇದೀನಿ. ಇದೊಂದನ್ನ ಕೆಡಿಸ್ಬೇಡ” ಅಂದ್ಲು ಅವ್ವ.

“ಆಯ್ತವ್ವ” ಅಂದ ಚೆನ್ನಿಗ.

ಮೊದಲು ಪಾಸ್‌ಪೋರ್ಟು, ಅದಕ್ಕೊಂದು ಫೋಟೋ. “ಸ್ಟುಡಿಯೋಗೆ ಹೋಗಿ ನೆಟ್ಟಗೆ ಕೂತ್ಕೋ. ನಗಬೇಡ, ಅಲ್ಲಾಡ್ಬೇಡ.” ಚೆನ್ನಿಗ ಹೋದ, ಕೂತ. ಫೋಟೋ ಆಯ್ತು. ಅಲ್ಲಾಡ್ಲಿಲ್ಲ. ಫೋಟೋದೋನು “ಆಯ್ತು ಏಳಪ್ಪ” ಅಂದ, ಕಚಗುಳಿ ಇಟ್ಟ, ಬೇಡ್ಕೊಂಡ. ಊಹೂಂ. ಕೊನೆಗೆ ಇಬ್ಬರು ಸೇರಿ ಅವನ್ನ ಸ್ಟೂಲ್ ಸಮೇತ ಹೊತ್ಕೊಂಡು ಬಂದು ಅಂಗಡಿ ಮುಂದೆ ಇಳಿಸಿದ್ರು.

“ಅಮ್ಮ, ಸ್ಟೂಲು ನಮ್ದು, ಮಗ ನಿಮ್ದು” ಅಂದ ಫೋಟೋದೋನು.

“ಅಯ್ಯೋ ದಡ್ಡ” ಅಂದ್ಲು ಅವ್ವ. “ಕೆಲಸ ಮುಗೀತಾ, ಎದ್ದೆಯಾ, ಬಂದೆಯಾ, ಹಂಗಿರಬೇಕು. ತಿರುಗಿ ಕೂಡ ನೋಡ್ಬಾರ್ದು.”

“ಹಂಗೇ ಮಾಡ್ತೀನವ್ವ.”

ಆಮೇಲೆ ದಾರಿ ಕಾಗದ ಬಂತು. ಪೂರ್ತಿ ಇಂಗ್ಲಿಷು. ದೇವೀರಮ್ಮನ ಅಣ್ಣ ಜವರಪ್ಪ ಮೈಸೂರಲ್ಲಿ ಮೇಷ್ಟ್ರಾಗಿದ್ದೋರು. ಕನ್ನಡದಲ್ಲಿ ಬರೆದುಕೊಡ್ತೀನಿ ಅಂತ ಹೊರಟ್ರು. ಕಣ್ಣು ಮಂಜು, ಮಂಡಿ ನೋವು, ತಂಗಿ ಮನೆ ಬದಲಾಯಿಸಿದ್ಮೇಲೆ ಬಂದೂ ಇರ್ಲಿಲ್ಲ.

“ಬಸ್‌ಸ್ಟ್ಯಾಂಡಿಗೆ ಹೋಗು ಚೆನ್ನಿಗ. ಮಾವನಿಗೆ ಇಳಿಯೋಕೆ ಆಗಲ್ಲ. ಕೈ ಕೊಟ್ಟು ಇಳಿಸು.”

ಚೆನ್ನಿಗ ಹೋದ, ಕೈ ಕೊಟ್ಟ, ಇಳಿಸ್ದ. ಚೀಲಾನೂ ಇಳಿಸ್ದ. ಕೆಲಸ ಮುಗೀತು. ತಿರುಗಿ ನೋಡ್ದೆ ಬಂದ್ಬಿಟ್ಟ. ಹಿಂದೆ ಮಾವ “ಅಳಿಯಾ, ಅಳಿಯಾ” ಅಂತ ಕೂಗಿದ್ದೂ ಕೇಳಿಸ್ತು. ಆದ್ರೂ ನೋಡ್ಲಿಲ್ಲ, ಮನಸ್ಸು ಗಟ್ಟಿ ಮಾಡ್ಕೊಂಡ.

ಜವರಪ್ಪನೋರು ಮೂರು ಮದುವೆಮನೆ, ಒಂದು ಹಿಟ್ಟಿನ ಗಿರಣಿ ಎಲ್ಲಾ ಹೊಕ್ಕು, ಸಂಜೆ ಹೊತ್ಗೆ ತಂಗಿ ಮನೆ ಸೇರಿದ್ರು. “ಮದುವೆಮನೇಲಿ ಊಟ ಚೆನ್ನಾಗಿತ್ತು ಬಿಡವ್ವ” ಅಂದ್ರು ಪಾಪ.

ದೇವೀರಮ್ಮ ಮಗನ ಕಡೆ ತಿರುಗಿದ್ಲು. “ಪರಸ್ಥಳದೋರು ಬಂದ್ರೆ ಕೈ ಹಿಡ್ಕೊಂಡು ಕರ್ಕೊಂಡು ಬರ್ಬೇಕು ಕಣೋ. ಇಲ್ಲಿ ಚರಂಡಿ, ಇಲ್ಲಿ ಮೆಟ್ಲು ಅಂತ ಹೇಳ್ಕೊಂಡು ಬರ್ಬೇಕು. ಮನೆ ಮುಟ್ಟೋವರ್ಗೂ ಕೈ ಬಿಡ್ಬಾರ್ದು.”

“ಬಿಡಲ್ಲವ್ವ.”

ಎಂಟ್ಹತ್ತು ದಿನ ಕಳೀತು. ಪಾಸ್‌ಪೋರ್ಟ್ ವಿಚಾರಣೆಗೆ ಅಂತ ಒಬ್ಬ ಪೊಲೀಸಪ್ಪ ಬಂದ. ಊರಿಗೆ ಹೊಸಬ. ಸಂತೆ ಬೀದೀಲಿ ಚೆನ್ನಿಗನ್ನೇ ಕೇಳ್ದ. “ಇಲ್ಲಿ ದೇವೀರಮ್ಮ ಅಂತ, ಸೈಕಲ್ ಶಾಪು?”

ಪರಸ್ಥಳದೋನು. ಚೆನ್ನಿಗ ಗಬಕ್ಕನೆ ಕೈ ಹಿಡ್ಕೊಂಡ. “ಬನ್ನಿ. ಇಲ್ಲಿ ಚರಂಡಿ. ಇಲ್ಲಿ ಸಗಣಿ. ಇಲ್ಲಿ ಮೆಟ್ಲು, ಕಾಲೆತ್ತಿ.”

“ಕೈ ಬಿಡಯ್ಯ” ಅಂದ ಪೊಲೀಸಪ್ಪ.

“ಮನೆ ಮುಟ್ಟೋವರ್ಗೂ ಬಿಡಂಗಿಲ್ಲ.”

ಸಂತೆ ಸಂತೆಯೇ ಎದ್ದು ನಿಂತ್ಕೊಂಡ್ತು. “ಪೊಲೀಸಪ್ಪನ್ನ ಹಿಡ್ಕೊಂಡು ಹೋಗ್ತಾ ಅವ್ನಲ್ಲೋ. ಏನು ಮಾಡಿದ್ನಂತೆ?” ಅಂದ ಒಬ್ಬ. “ನಂಗೆ ಬೆಳಗ್ಗೆಯಿಂದ್ಲೂ ಅನುಮಾನ ಇತ್ತು” ಅಂದ ಪುರಿ ಮಾರೋನು. ಅವನು ಆ ಪೊಲೀಸಪ್ಪನ್ನ ನೋಡಿದ್ದೇ ಆಗ.

ದೇವೀರಮ್ಮ ಕಾಫಿ ಕೊಟ್ಟು, ಕೈ ಮುಗಿದು, ಹೆಂಗೋ ಸಮಾಧಾನ ಮಾಡಿ ಕಳಿಸಿದ್ಲು. ಆಮೇಲೆ ಮಗನಿಗೆ ಅಂದ್ಲು. “ಯೂನಿಫಾರಂ ಹಾಕಿರೋರನ್ನ ಮುಟ್ಟಬಾರ್ದು. ದೂರ ನಿಂತು ಕೈ ಮುಗಿದು, ನೀವು ಮುಂದೆ ನಡೀರಿ ಸಾರ್, ನಾನು ಹಿಂದೆ ಬರ್ತೀನಿ ಅನ್ಬೇಕು. ಹಿಂದೇನೇ ಹೋಗ್ಬೇಕು.”

“ಹಿಂದೇನೇ ಹೋಗ್ತೀನವ್ವ.”

ಹೊರಡೋ ದಿನ ಬಂತು. ಬೆಂಗಳೂರು ವಿಮಾನ ನಿಲ್ದಾಣ. ಅಲ್ಲಿ ನೋಡಿದ್ರೆ ಎತ್ತ ತಿರುಗಿದ್ರೂ ಯೂನಿಫಾರಮ್ಮೇ. ಮೊದಲು ಸಿಕ್ಕಿದ್ದು ವಿಮಾನ ಓಡಿಸೋನು. ಬಿಳೀ ಬಟ್ಟೆ, ಟೋಪಿ. ಚೆನ್ನಿಗ ಕೈ ಮುಗ್ದ. “ನೀವು ಮುಂದೆ ನಡೀರಿ ಸಾರ್, ನಾನು ಹಿಂದೆ ಬರ್ತೀನಿ.”

ಆತ ಪಾಪ ಕಕ್ಕಸಿಗೆ ಹೊರಟಿದ್ದ. ಚೆನ್ನಿಗ ಅಲ್ಲಿಗೂ ಹೋದ. ಆಚೆ ಬಂದ್ರೆ ನೆಲ ಒರೆಸೋನು ಸಿಕ್ಕಿದ, ಅವನಿಗೂ ಯೂನಿಫಾರಂ. ಅವನ ಹಿಂದೆ ಸ್ವಲ್ಪ ದೂರ. ಆಮೇಲೆ ತಳ್ಳುಗಾಡಿ ಸಾಲು ತಳ್ಳೋನು. ದೇವೀರಮ್ಮ ಹುಡುಕಿ ಹುಡುಕಿ ಬಂದಾಗ, ಮಗ ತಳ್ಳುಗಾಡಿ ತಳ್ಕೊಂಡು ಬಿಸಿಲಲ್ಲಿ ಸುತ್ತಾ ಇದ್ದ. ವಿಮಾನದ ಬಾಗಿಲು ಇನ್ನೇನು ಮುಚ್ಬೇಕು, ಇಬ್ಬರೂ ಓಡಿ ಹತ್ತಿದ್ರು.

ಏದುಸಿರು ಬಿಡ್ತಾ ಅವ್ವ ಅಂದ್ಲು, “ಇನ್ನು ಯಾರ ಹಿಂದೇನೂ ಹೋಗ್ಬೇಡ. ಮಾವ ಬರೆದ ಕಾಗದದಲ್ಲಿ ಏನಿದೆಯೋ ಅದು. ಒಂದಕ್ಷರ ಆಚೆ ಈಚೆ ಆಗ್ಬಾರ್ದು.”

“ಆಗಲ್ಲವ್ವ.”

ಲಂಕೇಲಿ ಮೊದಲ ದಿನಗಳು ಚೆನ್ನಾಗೇ ಹೋದ್ವು. ಕಾಗದ ಸೇತುವೆ ಅಂದ್ರೆ ಸೇತುವೆ ಇತ್ತು, ಅರಳಿಮರ ಅಂದ್ರೆ ಅರಳಿಮರ ಇತ್ತು. ದೇವೀರಮ್ಮ ಸೆರಗು ಸಿಗಿಸ್ಕೊಂಡು ತುಳಿಯೋಳು. ದಾರೀಲಿ ಯಾರ್ದಾದ್ರೂ ಸೈಕಲ್ ಕಿರ್ ಅಂದ್ರೆ ಇಳಿದು, ಚೈನ್ ಮುಟ್ಟಿ ನೋಡಿ, ತಲೆ ಅಲ್ಲಾಡಿಸಿ ಮುಂದೆ ಹೋಗೋಳು.

ಕೊನೇ ದಿನ. ಮಾರನೇ ದಿನ ವಿಮಾನ. ಹೊತ್ತು ಇಳೀತಾ ಇತ್ತು. ಒಂದು ಕೂಡುರಸ್ತೆ ಬಂತು. ಚೆನ್ನಿಗ ಬ್ರೇಕ್ ಹಿಡಿದು ಓದ್ದ. “ಎಳನೀರು ಮಾರೋ ಅಜ್ಜಿ ಕೂತಿರೋ ಕಡೆ ಎಡಕ್ಕೆ ತಿರುಗಿ.”

ಎಳನೀರಿತ್ತು, ಕುರ್ಚಿ ಇತ್ತು, ಅಜ್ಜಿ ಇರ್ಲಿಲ್ಲ.

“ತಿರುಗೋ, ಉಪ್ಪುಗಾಳಿ ಮೂಗಿಗೆ ಹೊಡೀತಾ ಇದೆ” ಅಂದ್ಲು ಅವ್ವ.

“ಅಜ್ಜಿ ಕೂತಿಲ್ಲವ್ವ. ಅಕ್ಷರ ಆಚೆ ಈಚೆ ಆಗುತ್ತೆ.”

ಅವ್ವ ಬಾಯಿ ತೆರೆಯೋದ್ರೊಳಗೆ ಹೋಗೇಬಿಟ್ಟ. ಸೊಂಟ ಬಗ್ಗಿಸಿ ತೋರಿಸಿ, ಎಳನೀರು ಕುಡಿಯೋ ಹಂಗೆ ಮಾಡಿ ತೋರಿಸಿ, ಊರೆಲ್ಲಾ ಕೇಳಿ, ಅಜ್ಜಿ ಮನೆ ಹಿಡ್ದ. ಅಜ್ಜಿ ಸಾರು ಕುದಿಸ್ತಾ ಇದ್ಲು. ಸೌಟಿನ ಸಮೇತ ಕ್ಯಾರಿಯರ್ ಮೇಲೆ ಕೂರಿಸ್ಕೊಂಡು ತಂದ, ಕುರ್ಚೀಲಿ ಕೂರಿಸ್ದ, ಬೆಲ್ ಹೊಡೆದು ಎಡಕ್ಕೆ ತಿರುಗಿದ. ಅಜ್ಜಿ ಅವಳ ಭಾಷೇಲಿ ಏನೋ ಅಂದ್ಲು. ಅರ್ಥ ದೇವೀರಮ್ಮನಿಗೆ ಪೂರ್ತಿ ಆಯ್ತು.

“ಕೊಡಿಲ್ಲಿ ಆ ಕಾಗದ” ಅಂತ ಕಿತ್ಕೊಂಡ್ಲು. “ಹೊತ್ತು ಮುಳುಗೋಕೆ ಬಂತಲ್ಲೋ. ಕತ್ತಲಾದ್ರೆ ಏನು ನೋಡ್ಲಿ? ಈಗ ಯಾರನ್ನೂ ಕೇಳ್ಬೇಡ, ಏನನ್ನೂ ಓದ್ಬೇಡ. ಗಾಲಿಗೆ ನೀರು ತಾಗ್ದೇ ಇದ್ರೆ ತುಳಿ, ತಾಗಿದ್ರೆ ನಿಂತ್ಕೋ. ಇಷ್ಟೇ.”

“ಇಷ್ಟೇ ಆದ್ರೆ ಸುಲಭ ಅವ್ವ.”

ತುಳಿದ್ರು. ತೆಂಗಿನ ತೋಪು ದಾಟಿದ್ರು, ಮರಳು ಬಂತು. ಚೆನ್ನಿಗ ಮುಂದೆ, ಅವ್ವ ಹಿಂದೆ. ಅಲೆ ಬಂತು, ಗಾಲಿಗೆ ತಾಗ್ತು, ಚೆನ್ನಿಗ ನಿಂತ. ಕೆರೆ ನೀರಾಗಿದ್ರೆ ಕತೆ ಅಲ್ಲಿಗೆ ಮುಗೀತಿತ್ತು. ಈ ನೀರು ಹಿಂದಕ್ಕೆ ಹೋಯ್ತು. ಗಾಲಿ ಒಣಗ್ತು. ಚೆನ್ನಿಗ ತುಳಿದ. ಅಲೆ ಬಂತು, ನಿಂತ. ಅಲೆ ಹೋಯ್ತು, ತುಳಿದ.

“ಲೋ, ಎಲ್ಲಿಗೋ?”

“ನೀರೇ ಒಂದ್ಕಡೆ ನಿಲ್ತಾ ಇಲ್ಲವ್ವ, ನಾನೇನ್ ಮಾಡ್ಲಿ?”

ಸೀಟು ಮುಳುಗೋ ಹೊತ್ಗೆ ಅವ್ವ ತನ್ನ ಸೈಕಲ್ ಮರಳ ಮೇಲೆ ಬಿಸಾಕಿ ಓಡಿದ್ಲು. ಸೊಂಟದುದ್ದ ನೀರಲ್ಲಿ ಹೋಗಿ ಮಗನ ಕಾಲರ್ ಹಿಡಿದ್ಲು. ಬಯ್ಯೋಕೆ ಅಂತ ತಲೆ ಎತ್ತಿದ್ಲು.

ಮುಂದೆ ಏನೂ ಇರ್ಲಿಲ್ಲ. ಆಚೆ ದಡ ಇರ್ಲಿಲ್ಲ. ಕೆಂಪು ಸೂರ್ಯ, ಅದರ ಕೆಳಗೆ ನೀರು, ಅದರಾಚೆಗೂ ನೀರು.

ದೇವೀರಮ್ಮನಿಗೆ ಬೈಗುಳ ಮರೆತೋಯ್ತು. ಒಂದು ಅಲೆ ಬಂದು ಎದೆಗೆ ಹೊಡೀತು. “ಅಬ್ಬ, ತಳ್ತದೆ ಕಣೋ” ಅಂದ್ಲು.

“ತಾಗ್ತಾ ಇದೆಯವ್ವ. ನಿಂತಿರ್ಲಾ?”

“ನಿಂತಿರಪ್ಪ.”

ನಿಂತ್ರು. ಸೂರ್ಯ ಅರ್ಧ ಮುಳುಗ್ದ. ಆಗ ಅವ್ವ ಸೆರಗು ಹಿಂಡ್ಕೊಂಡು, “ನಡಿ, ಸಾಕು. ಹೆಂಗೆ ಬಂದ್ಯೋ ಹಂಗೇ ವಾಪಸ್ ಹೋಗು” ಅಂದ್ಲು.

ಬಂದಾಗ ಚೆನ್ನಿಗನ ಮುಖ ಸಮುದ್ರದ ಕಡೆ ಇತ್ತು. ಹಂಗೇ ಇಟ್ಕೊಂಡ. ಸೈಕಲ್ ಹಿಂದಕ್ಕೆ ಎಳ್ಕೊಂಡು, ಹಿಂದ್ಹಿಂದಕ್ಕೆ ಹೆಜ್ಜೆ ಹಾಕ್ತಾ ಹೊರಟ.

ಅವ್ವ ತನ್ನ ಸೈಕಲ್ ಎತ್ಕೊಂಡು ಊರ ಕಡೆ ಮುಖ ಮಾಡಿ ನಡೆದ್ಲು. ನಾಲ್ಕು ಹೆಜ್ಜೆಗೆ ಒಂದ್ಸಲ ಕತ್ತು ತಿರುಗಿಸಿ ನೋಡೋಳು. ಮಗ ಮಾತ್ರ ಆರಾಮಾಗಿ ಹೇಳ್ಕೊಂಡು ಬರ್ತಾ ಇದ್ದ. “ಅವ್ವ, ನೀರು ಹಳದಿ ಆಯ್ತು. ಅವ್ವ, ಈಗ ಒಂದು ದೋಣಿ.”

“ಎಲ್ಲೋ?” ಅಂತ ಅವ್ವ ತಿರುಗಿದ್ಲು. ತಿರುಗಿದೋಳು ಮತ್ತೆ ಈ ಕಡೆ ತಿರುಗ್ಲೇ ಇಲ್ಲ. ಅವಳೂ ಸೈಕಲ್ ಹಿಂದಕ್ಕೆ ಎಳ್ಕೊಂಡು, ಹಿಂದ್ಹಿಂದಕ್ಕೆ ನಡೆಯೋಕೆ ಶುರು ಮಾಡಿದ್ಲು.

ಹಂಗೆ ಅವ್ವ, ಮಗ ಇಬ್ಬರೂ ಸಮುದ್ರ ನೋಡ್ಕೊಂಡು ಹಿಂದ್ಹಿಂದಕ್ಕೆ ಹೋಗಿ ಹೋಗಿ, ಬೆಸ್ತರು ಒಣಗೋಕೆ ಹರವಿದ್ದ ಮೀನಿನ ಮೇಲೆ ದೊಪ್ಪಂತ ಕೂತ್ರು. ಮೀನಿನೋರು ಕೋಲು ತಗೊಂಡು ಓಡಿ ಬಂದ್ರು.

“ಅವ್ವ, ಏಳ್ಲಾ?” ಅಂದ ಚೆನ್ನಿಗ.

“ಇರೋ” ಅಂದ್ಲು ದೇವೀರಮ್ಮ. “ಇನ್ನೂ ಒಂಚೂರು ಸೂರ್ಯ ಉಳಿದದೆ.”